‘ಎಂದಿನದು’ ಎಂದು ಬರೆದಿಟ್ಟ ಡೈರಿ

ಹದಿಮೂರನೆಯ ದಿನದ ಊಟ ಮುಗಿದು ನೆಂಟರೆಲ್ಲ ಬಸ್ಸು ಹಿಡಿದ ಮೇಲೆ ಚಿಕ್ಕಮ್ಮ ಒಳಗಿನಿಂದ ಎರಡು ವಸ್ತು ತಂದು ನನ್ನ ಮುಂದಿಟ್ಟರು. ಒಂದು ಚಿಕ್ಕಪ್ಪನ ಫೋನು. ಇನ್ನೊಂದು ಯಾವುದೋ ಸಹಕಾರ ಸಂಘ ಹೊಸ ವರ್ಷಕ್ಕೆ ಕೊಟ್ಟಿದ್ದ ಡೈರಿ. ಚಿಕ್ಕಪ್ಪ ಬೆರಳಿಟ್ಟು ಫೋನು ತೆರೆಯುತ್ತಿದ್ದುದನ್ನು ಮನೆಯವರೆಲ್ಲ ನೋಡಿದ್ದರು. ಆದರೆ ಆ ಗಡಿಬಿಡಿಯ ದಿನಗಳಲ್ಲಿ ಬ್ಯಾಟರಿ ಪೂರ್ತಿ ಇಳಿದಿತ್ತು. ಚಾರ್ಜಿಗೆ ಹಾಕಿ ಆನ್ ಮಾಡಿದರೆ ಪಿನ್ ಕೇಳಿತು. ‘ಎಲ್ಲಾ ಇದರಲ್ಲಿ ಬರೆದಿಟ್ಟಿದ್ದಾರೆ, ನೋಡು’ ಎಂದು ಚಿಕ್ಕಮ್ಮ ಡೈರಿಯ ಕೊನೆಯ ಪುಟ ತೆರೆದರು. ಮುತ್ತಿನಂಥ ಅಕ್ಷರ. ಫೋನ್: ಗೊತ್ತಿರುವುದೇ. ಇಮೇಲ್: ಎಂದಿನದು. ಬ್ಯಾಂಕ್: ಎಂದಿನದು, ಕೊನೆಗೆ 2. ವಿಮೆ: ಎಂದಿನದು, ಮೊದಲ ಅಕ್ಷರ ದೊಡ್ಡದು.

ಚಿಕ್ಕಪ್ಪ ಅಜಾಗರೂಕರಲ್ಲ. ಮನೆಯ ಕಂದಾಯದ ರಸೀದಿಯನ್ನು ವರ್ಷದ ಪ್ರಕಾರ ಜೋಡಿಸಿಟ್ಟವರು. ಡೈರಿ ಕಳ್ಳರ ಕೈಗೆ ಸಿಕ್ಕರೂ ಅರ್ಥವಾಗಬಾರದೆಂದು ಯೋಚಿಸಿಯೇ ಹಾಗೆ ಬರೆದಿದ್ದರು. ಕಳ್ಳ ಬರಲಿಲ್ಲ, ಓದಬೇಕಾಗಿ ಬಂದದ್ದು ಹೆಂಡತಿಗೆ. ಬ್ಯಾಂಕಿನ ಹಣಕ್ಕೆ ಮರಣ ಪ್ರಮಾಣಪತ್ರ ಮತ್ತು ನಾಮನಿರ್ದೇಶನದ ದಾರಿ ಇದೆ, ಅದನ್ನೇ ಹಿಡಿಯಬೇಕು. ತೀರಿಹೋದವರ ಪಾಸ್‌ವರ್ಡ್ ಹಾಕಿ ಹಣ ತೆಗೆಯುವುದು ಸರಿಯಲ್ಲ. ಆದರೆ ವಿಮೆಯ ಪಾಲಿಸಿ ಸಂಖ್ಯೆ ಇದ್ದದ್ದು ಇಮೇಲ್‌ನಲ್ಲಿ. ಮೊಮ್ಮಗಳ ನಾಮಕರಣದ ಫೋಟೋ ಇದ್ದದ್ದು ಫೋನಿನಲ್ಲಿ. ಇಮೇಲ್‌ಗೆ ಹೊಸ ಪಾಸ್‌ವರ್ಡ್ ಪಡೆಯೋಣವೆಂದರೆ ಅದು ಒಟಿಪಿ ಕಳಿಸುತ್ತಿದ್ದದ್ದು ಎಂದೋ ಬಿಟ್ಟ ಹಳೆಯ ನಂಬರಿಗೆ. ಶಾಖಾ ಕಚೇರಿಗೆ ನಾಲ್ಕು ಸಲ ಅಲೆದು, ಹೆಸರು ಮತ್ತು ಹುಟ್ಟಿದ ದಿನಾಂಕ ಕೊಟ್ಟು ಪಾಲಿಸಿ ಹುಡುಕಿಸಿದೆವು. ಫೋಟೋಗಳು ಮಾತ್ರ ಇವತ್ತಿಗೂ ಸಿಕ್ಕಿಲ್ಲ.

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ತಪ್ಪದೇ ಇರುವ ಪ್ರಶ್ನೆಯೊಂದಿದೆ. ಇಷ್ಟೊಂದು ಪಾಸ್‌ವರ್ಡ್‌ಗಳನ್ನು ಎಲ್ಲಿ ಇಡೋಣ? ಡೈರಿಯಲ್ಲಿ ಬರೆಯಬಹುದೇ, ಫೋನಿಗೇ ಬಿಡಬಹುದೇ, ಅದಕ್ಕೆಂದೇ ಇರುವ ಆ್ಯಪ್ ನಂಬಬಹುದೇ? ಉತ್ತರ ಬರೆಯಲು ಕೂತಾಗಲೆಲ್ಲ ನನಗೆ ಆ ಕೊನೆಯ ಪುಟವೇ ಕಣ್ಮುಂದೆ ಬರುತ್ತದೆ. ‘ಎಂದಿನದು’ ಎಂಬ ಒಂದೇ ಪದದಲ್ಲಿ ನಮ್ಮೆಲ್ಲರ ಎರಡು ತಪ್ಪುಗಳು ಒಟ್ಟಿಗೆ ಕೂತಿವೆ. ಅದು ಹೊರಗಿನವರಿಗೆ ಸುಲಭ, ಮನೆಯವರಿಗೆ ಕಷ್ಟ. ಇದನ್ನು ತಿರುಗಿಸುವ ವ್ಯವಸ್ಥೆ ಯಾವುದೋ ಅದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಹೊರಗಿನವರಿಗೆ ಹೇಗೆ ಸುಲಭ? ಯಾರೋ ಕೂತು ನಮ್ಮ ಮನೆದೇವರ ಹೆಸರು, ಮಗಳ ಹುಟ್ಟಿದ ವರ್ಷ ಊಹಿಸುತ್ತಾರೆ ಎಂದು ನಾವು ತಿಳಿದಿದ್ದೇವೆ. ಅದೂ ಉಂಟು. ಆದರೆ ಹೆಚ್ಚಿನ ಕಳವು ಊಹೆಯಿಂದ ಆಗುವುದಿಲ್ಲ, ಸೋರಿಕೆಯಿಂದ ಆಗುತ್ತದೆ. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್‌ಗಳು ಸೋರಿದವು. ಅವರು ಅವನ್ನು ಯಾವ ಮರೆಯೂ ಇಲ್ಲದೆ ಇದ್ದ ಹಾಗೇ ಇಟ್ಟಿದ್ದರು. ಜವಾಬ್ದಾರಿಯುತ ಕಂಪನಿಗಳು ಹಾಗೆ ಮಾಡುವುದಿಲ್ಲ. ಪಾಸ್‌ವರ್ಡನ್ನು ‘ಹ್ಯಾಶ್’ ಎಂಬ ಲೆಕ್ಕಕ್ಕೆ ಹಾಕಿ, ಬಂದ ಫಲವನ್ನಷ್ಟೇ ಇಟ್ಟುಕೊಳ್ಳುತ್ತವೆ. ಅಕ್ಕಿ ಹಿಟ್ಟಾಗುತ್ತದೆ, ಹಿಟ್ಟು ಮತ್ತೆ ಅಕ್ಕಿಯಾಗುವುದಿಲ್ಲ, ಹಾಗೆ. ಬೀಸುವ ಮೊದಲು ಪ್ರತಿಯೊಬ್ಬರ ಪಾಸ್‌ವರ್ಡಿಗೂ ಬೇರೆ ಬೇರೆ ಒಂದಿಷ್ಟು ಅಕ್ಷರ ಬೆರೆಸಬೇಕು. ಇಂಗ್ಲಿಷಿನಲ್ಲಿ ಅದನ್ನು ‘ಉಪ್ಪು’ ಎಂದೇ ಕರೆಯುತ್ತಾರೆ. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಕಳವಾದ ಹ್ಯಾಶ್‌ಗಳಿಗೆ ಆ ಉಪ್ಪು ಬೆರೆತಿರಲಿಲ್ಲ, ಹಾಗಾಗಿ ಮೂಲ ಪಾಸ್‌ವರ್ಡ್ ಪತ್ತೆಹಚ್ಚುವುದು ಸುಲಭವಾಗಿತ್ತು. ಮೊದಲು ಹೊರಬಿದ್ದದ್ದು ಸುಮಾರು 65 ಲಕ್ಷ. 2016ರಲ್ಲಿ ಅದೇ ಕಳವಿನ 11 ಕೋಟಿಗೂ ಹೆಚ್ಚು ಖಾತೆಗಳ ಪಟ್ಟಿ ಮಾರಾಟಕ್ಕೆ ಬಂತು. ನಾಲ್ಕು ವರ್ಷ ಅದು ಯಾರದೋ ಕೈಯಲ್ಲಿತ್ತು.

ಇಂಥ ಪಟ್ಟಿ ಕೈಗೆ ಸಿಕ್ಕವರು ಅದರಲ್ಲಿನ ಇಮೇಲ್ ವಿಳಾಸ ಮತ್ತು ಪಾಸ್‌ವರ್ಡ್ ಜೋಡಿಯನ್ನು ಬೇರೆ ನೂರು ಕಡೆ ಹಾಕಿ ನೋಡುತ್ತಾರೆ. ಕಂಪ್ಯೂಟರ್ ಮಾಡುವ ಕೆಲಸವಾದ್ದರಿಂದ ಅವರಿಗೆ ಆಯಾಸವಿಲ್ಲ. ನನಗೂ ಇದು ಆಗಿದೆ. ಕೆಲವು ವರ್ಷದ ಹಿಂದೆ ಒಮ್ಮೆ ಮಾತ್ರ ಪುಸ್ತಕ ತರಿಸಿಕೊಂಡಿದ್ದ ಒಂದು ಅಂಗಡಿಯ ಜಾಲತಾಣಕ್ಕೆ ನನ್ನ ಇಮೇಲ್‌ನ ಪಾಸ್‌ವರ್ಡನ್ನೇ ಕೊಟ್ಟಿದ್ದೆ. ಒಂದು ಬೆಳಿಗ್ಗೆ, ನಾನು ಹೋಗದ ದೇಶವೊಂದರಿಂದ ಯಾರೋ ನನ್ನ ಇಮೇಲ್‌ಗೆ ಲಾಗಿನ್ ಆಗಲು ಯತ್ನಿಸಿದ್ದಾರೆ ಎಂಬ ಎಚ್ಚರಿಕೆ ಬಂತು. ಎರಡನೆಯ ಹಂತದ ಪರಿಶೀಲನೆ ಇದ್ದುದರಿಂದ ಉಳಿದುಕೊಂಡೆ. ಆ ಅಂಗಡಿಯನ್ನು ನಾನು ಮರೆತೇ ಬಿಟ್ಟಿದ್ದೆ, ಅಲ್ಲಿ ಬಿಟ್ಟುಬಂದ ಕೀಲಿ ನನ್ನನ್ನು ಮರೆತಿರಲಿಲ್ಲ.

ಹಾಗಾದರೆ ‘ಕೊನೆಗೆ 2’ ಸೇರಿಸಿದರೆ? ಅದೂ ಕಾಯುವುದಿಲ್ಲ. ನಾವು ಮಾಡುವ ಇಂಥ ಸಣ್ಣ ಬದಲಾವಣೆಗಳೆಲ್ಲ ಕಳ್ಳರ ತಂತ್ರಾಂಶಕ್ಕೆ ಬಾಯಿಪಾಠ. ಕೊನೆಗೊಂದು ಅಂಕಿ, ಮೊದಲಕ್ಷರ ದೊಡ್ಡದು, ‘ಎ’ ಬದಲು ‘@’ ಎಲ್ಲವನ್ನೂ ಅದು ಮೊದಲೇ ಪ್ರಯತ್ನಿಸುತ್ತದೆ. ಮೂರು ತಿಂಗಳಿಗೊಮ್ಮೆ ಬದಲಾಯಿಸಿ, ದೊಡ್ಡಕ್ಷರ, ಅಂಕಿ, ಚಿಹ್ನೆ ಸೇರಿಸಿ ಎಂಬ ಕಟ್ಟಳೆ ನಮ್ಮನ್ನು ಈ ಅಭ್ಯಾಸಕ್ಕೆ ತಳ್ಳಿತು. ಅಂಥ ಕಟ್ಟಳೆಗೆ ಆಧಾರವಾಗಿದ್ದದ್ದು ಅಮೆರಿಕದ ಮಾನಕ ಸಂಸ್ಥೆಯಾದ ಎನ್‌ಐಎಸ್‌ಟಿಯ ಹಳೆಯ ಮಾರ್ಗಸೂಚಿ. ಅದನ್ನು ಬರೆದ ಬಿಲ್ ಬರ್ ಎಂಬುವರು, ಆಗ ಹೇಳಿದ್ದರಲ್ಲಿ ಬಹಳಷ್ಟರ ಬಗ್ಗೆ ತಮಗೀಗ ವಿಷಾದವಿದೆ ಎಂದು 2017ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಅದೇ ವರ್ಷ ಸಂಸ್ಥೆಯೂ ಮಾತು ಬದಲಿಸಿತು. ಸೋರಿಕೆಯ ಸುಳಿವಿಲ್ಲದೆ ಅವಧಿಗೊಮ್ಮೆ ಬದಲಾಯಿಸಲು ಒತ್ತಾಯಿಸಬೇಡಿ, ಉದ್ದಕ್ಕೆ ಬೆಲೆ ಕೊಡಿ, ಸೋರಿದ ಪಟ್ಟಿಯಲ್ಲಿರುವ ಪಾಸ್‌ವರ್ಡನ್ನು ಒಪ್ಪಬೇಡಿ ಎಂದಿತು. ನಮ್ಮ ಕಚೇರಿಗಳು ಇದನ್ನು ಬೇಗ ಕೇಳಿಸಿಕೊಂಡರೆ ಚೆನ್ನ.

ಪ್ರತಿ ಖಾತೆಗೂ ಬೇರೆ ಪಾಸ್‌ವರ್ಡ್ ಬೇಕೆಂದಾದ ಮೇಲೆ ನೆನಪಿನ ಮಾತು ಮುಗಿಯಿತು. ಐವತ್ತು, ಅರವತ್ತು ಖಾತೆಗಳನ್ನು ಯಾರ ತಲೆಯೂ ಹೊರುವುದಿಲ್ಲ, ಹೊರಬೇಕಾಗಿಯೂ ಇಲ್ಲ. ಎಲ್ಲಾದರೂ ಬರೆಯಲೇಬೇಕು. ಎಲ್ಲಿ? ನಮ್ಮವರು ಬರೆಯುವ ಜಾಗಗಳನ್ನು ನೋಡಿದ್ದೇನೆ. ಎಟಿಎಂ ಪಿನ್ನನ್ನು ‘ಬ್ಯಾಂಕ್ ಮಾವ’ ಎಂಬ ಹೆಸರಿನ ಫೋನ್ ನಂಬರಿನ ಕೊನೆಯಲ್ಲಿ ಅಡಗಿಸುತ್ತಾರೆ. ತಮಗೆ ತಾವೇ ವಾಟ್ಸ್‌ಆ್ಯಪ್ ಕಳಿಸಿಕೊಳ್ಳುತ್ತಾರೆ. ಡೈರಿಯ ಪುಟದ ಫೋಟೋ ತೆಗೆದು ಗ್ಯಾಲರಿಯಲ್ಲಿ ಇಡುತ್ತಾರೆ. ಈ ಮೂರಕ್ಕಿಂತ ಬೀರುವಿನೊಳಗಿನ ಡೈರಿ ಎಷ್ಟೋ ವಾಸಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಸಂಪರ್ಕಗಳ ಪಟ್ಟಿಯನ್ನೂ ಫೋಟೋಗಳನ್ನೂ ನೋಡಲು ನಾವೇ ಹತ್ತಾರು ಆ್ಯಪ್‌ಗಳಿಗೆ ಅನುಮತಿ ಕೊಟ್ಟಿರುತ್ತೇವೆ. ಬೀರುವನ್ನು ತೆರೆಯಲು ಮಾತ್ರ ಯಾರಾದರೂ ನಮ್ಮ ಮನೆಯ ಹೊಸ್ತಿಲು ದಾಟಲೇಬೇಕು. ಫೋನ್ ಅಷ್ಟಾಗಿ ಬಳಸದ, ನಾಲ್ಕೈದೇ ಖಾತೆಯಿರುವ ಹಿರಿಯರಿಗೆ ಡೈರಿ ಸಾಕು. ಆದರೆ ಪೂರ್ತಿ ಬರೆಯಲಿ, ‘ಎಂದಿನದು’ ಎಂದಲ್ಲ.

ಇನ್ನೊಂದು ಜಾಗ ನನಗೆ ನಿಜವಾಗಿ ಆತಂಕ ತರುತ್ತದೆ. ಅದು ಸೈಬರ್ ಸೆಂಟರಿನ ರಿಜಿಸ್ಟರು. ಊರುಕೇರಿಗಳಲ್ಲಿ ವಿದ್ಯಾರ್ಥಿವೇತನ, ಸೇವಾಸಿಂಧು ಅರ್ಜಿ, ಸಿಇಟಿ ನೋಂದಣಿ ಎಲ್ಲವೂ ಅಲ್ಲೇ. ಅಂಗಡಿಯವರೇ ಹುಡುಗನ ಹೆಸರಿನಲ್ಲಿ ಇಮೇಲ್ ತೆರೆದು, ಹೆಸರಿನ ಮುಂದೆ 123 ಸೇರಿಸಿ ಪಾಸ್‌ವರ್ಡ್ ಇಟ್ಟು, ಮುಂದಿನ ಸಲ ಬೇಕಾದೀತೆಂದು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಬಹುಪಾಲು ಅವರು ಉಪಕಾರ ಬುದ್ಧಿಯಿಂದಲೇ ಮಾಡುವುದು. ಆದರೂ ಸೀಟು ಆಯ್ಕೆಯ ಹೊತ್ತಿನಲ್ಲಿ ಕಾಲೇಜುಗಳ ಕ್ರಮ ಬದಲಿಸುವ ಕೀಲಿ ಕೌಂಟರ್ ಮೇಲೆ ಬಿದ್ದಿರಬಾರದು. ಅರ್ಜಿ ಅಲ್ಲೇ ತುಂಬಿಸಿ, ತಪ್ಪಿಲ್ಲ. ಮನೆಗೆ ಬಂದ ಸಂಜೆಯೇ ಸ್ವಂತ ಫೋನಿನಿಂದ ಪಾಸ್‌ವರ್ಡ್ ಬದಲಾಯಿಸಿ. ಅಲ್ಲಿನ ಕಂಪ್ಯೂಟರ್ ‘ಪಾಸ್‌ವರ್ಡ್ ಉಳಿಸಲೇ’ ಎಂದು ಕೇಳಿದರೆ ಬೇಡ ಎನ್ನಿ.

ಇಪ್ಪತ್ತು, ಮೂವತ್ತು ಖಾತೆ ಇರುವವರಿಗೆ ನಾನು ಸೂಚಿಸುವುದು ಪಾಸ್‌ವರ್ಡ್ ಮ್ಯಾನೇಜರ್. ಅದೊಂದು ತಿಜೋರಿ. ಪ್ರತಿ ಖಾತೆಗೂ ಅರ್ಥವಿಲ್ಲದ ಉದ್ದನೆಯ ಪಾಸ್‌ವರ್ಡನ್ನು ಅದೇ ಹುಟ್ಟಿಸುತ್ತದೆ, ಅದೇ ಇಟ್ಟುಕೊಳ್ಳುತ್ತದೆ, ಬೇಕಾದಾಗ ಅದೇ ತುಂಬುತ್ತದೆ. ನಾವು ನೆನಪಿಡಬೇಕಾದದ್ದು ತಿಜೋರಿಯ ಒಂದು ಪಾಸ್‌ವರ್ಡ್ ಮಾತ್ರ. ‘ಎಲ್ಲವನ್ನೂ ಒಂದೇ ಕಡೆ ಇಟ್ಟರೆ ಒಂದೇ ಸಲಕ್ಕೆ ಹೋಗುವುದಿಲ್ಲವೇ?’ ಎಂಬುದು ಓದುಗರ ಮೊದಲ ಆಕ್ಷೇಪ. ಅದು ಸರಿಯಾದ ಪ್ರಶ್ನೆ. ಒಳ್ಳೆಯ ತಿಜೋರಿಯಲ್ಲಿ ಬೀಗ ಬೀಳುವುದು ನಮ್ಮ ಫೋನಿನಲ್ಲೇ. ನಮ್ಮ ಮುಖ್ಯ ಪಾಸ್‌ವರ್ಡನ್ನು ಲಕ್ಷಾಂತರ ಸಲ ಲೆಕ್ಕದಲ್ಲಿ ತಿರುವಿ ಒಂದು ಕೀಲಿ ತಯಾರಾಗುತ್ತದೆ, ಆ ಕೀಲಿಯಿಂದ ಎಲ್ಲವೂ ಗೂಢಲಿಪಿಗೆ ತಿರುಗುತ್ತದೆ, ಕಂಪನಿಯ ಕಂಪ್ಯೂಟರಿಗೆ ಹೋಗುವುದು ಆ ಗೂಢಲಿಪಿ ಮಾತ್ರ. ನಮ್ಮ ಪಾಸ್‌ವರ್ಡ್ ಏನೆಂದು ಕಂಪನಿಗೂ ತಿಳಿಯದು. ಮರೆತರೆ ಅವರೂ ತೆರೆದುಕೊಡಲಾರರು. ಈ ಮಾತು ನೆನಪಿರಲಿ, ಕೊನೆಗೆ ಇದೇ ನಮ್ಮನ್ನು ಲಕೋಟೆಯ ತನಕ ಒಯ್ಯುತ್ತದೆ.

2022ರಲ್ಲಿ ಈ ಏರ್ಪಾಡು ಪರೀಕ್ಷೆಗೆ ಒಳಗಾಯಿತು. ಲಾಸ್ಟ್‌ಪಾಸ್ ಎಂಬ ಹೆಸರಾಂತ ಮ್ಯಾನೇಜರ್ ಕಂಪನಿಗೆ ನುಗ್ಗಿದವರು ಗ್ರಾಹಕರ ತಿಜೋರಿಗಳ ಪ್ರತಿಗಳನ್ನೇ ಎತ್ತಿಕೊಂಡು ಹೋದರು. ಯಾವ ಯಾವ ಜಾಲತಾಣದ ಖಾತೆಗಳಿವೆ ಎಂಬ ವಿಳಾಸಗಳು ಗೂಢಲಿಪಿಯಲ್ಲಿ ಇರಲಿಲ್ಲ, ಅವು ಬಯಲಾದವು. ಪಾಸ್‌ವರ್ಡ್‌ಗಳು ಗೂಢಲಿಪಿಯಲ್ಲೇ ಇದ್ದವು. ಅಂದರೆ ಅಲ್ಲಿಂದ ಮುಂದೆ ಪ್ರತಿಯೊಬ್ಬ ಗ್ರಾಹಕನನ್ನೂ ಕಾಯಲು ಮುಖ್ಯವಾಗಿ ಉಳಿದದ್ದು ಅವನ ಮುಖ್ಯ ಪಾಸ್‌ವರ್ಡಿನ ಬಲ. ಬಲವಾದದ್ದು ಇಟ್ಟವರಿಗೆ ಉಸಿರಾಡಲು ಸಮಯ ಸಿಕ್ಕಿತು, ದುರ್ಬಲವಾದದ್ದು ಇಟ್ಟವರಿಗೆ ಆ ಸಮಯವೂ ಇರಲಿಲ್ಲ. ಯಾವ ಕಂಪನಿಯ ಹೆಸರನ್ನೂ ಕಣ್ಣುಮುಚ್ಚಿ ನಂಬಬಾರದು ಎಂಬ ಪಾಠ ಇದರಲ್ಲಿದೆ. ತಿಜೋರಿಯ ಬಲ ನಮ್ಮ ಕೈಯಲ್ಲೂ ಇದೆ ಎಂಬ ಸಮಾಧಾನವೂ ಇದರಲ್ಲೇ ಇದೆ.

ಯಾವುದು ಆರಿಸಲಿ ಎಂದರೆ ನನ್ನ ಸಲಹೆ ಸರಳ. ಹೊಸದೇನೂ ಕಲಿಯಲು ಮನಸ್ಸಿಲ್ಲದವರು ಫೋನಿನ ಜೊತೆಗೇ ಬರುವ ಗೂಗಲ್ ಅಥವಾ ಆ್ಯಪಲ್‌ನ ಪಾಸ್‌ವರ್ಡ್ ವ್ಯವಸ್ಥೆಯನ್ನೇ ಬಳಸಲಿ, ‘ಎಂದಿನದು’ ಬಳಸುವುದಕ್ಕಿಂತ ಅದು ಸಾವಿರ ಪಾಲು ಮೇಲು. ಆದರೆ ಅಲ್ಲಿ ಫೋನಿನ ಪಿನ್ ಗೊತ್ತಿದ್ದವರಿಗೆ ಉಳಿದದ್ದೂ ಸಿಗುವ ಅಪಾಯವಿದೆ, ಹಾಗಾಗಿ 1234 ಎಂಬ ಪಿನ್ ಇಟ್ಟು ಪ್ರಯೋಜನವಿಲ್ಲ. ಫೋನು, ಕಂಪ್ಯೂಟರು ಎರಡರಲ್ಲೂ ಕೆಲಸ ಮಾಡುವವರಿಗೆ ಬಿಟ್‌ವಾರ್ಡನ್ ಹೇಳುತ್ತೇನೆ. ಅದರ ತಂತ್ರಾಂಶ ಯಾರು ಬೇಕಾದರೂ ಪರಿಶೀಲಿಸಲು ತೆರೆದಿದೆ, ಸಾಮಾನ್ಯ ಬಳಕೆಗೆ ಉಚಿತ. ಯಾವ ಕಂಪನಿಯ ಕಂಪ್ಯೂಟರಿನಲ್ಲೂ ಇಡುವುದು ಬೇಡ, ನನ್ನದು ನನ್ನಲ್ಲೇ ಇರಲಿ ಎನ್ನುವವರಿಗೆ 2003ರಿಂದ ಇರುವ ಕೀಪಾಸ್ ಇದೆ. ಅದರಲ್ಲಿ ತಿಜೋರಿ ಎಂದರೆ ಒಂದು ಕಡತ, ಅದರ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ತೆಗೆದಿಡುವ ಶಿಸ್ತು ನಮ್ಮದೇ. ಮೂರರಲ್ಲಿ ಯಾವುದಾದರೂ ಸರಿ, ಆದರೆ ಒಂದನ್ನೇ ಹಿಡಿಯಿರಿ. ಅರ್ಧ ಅಲ್ಲಿ, ಅರ್ಧ ಇಲ್ಲಿ ಇಟ್ಟ ಮನೆಗಳಲ್ಲೇ ಹುಡುಕಾಟ ಹೆಚ್ಚು.

ಮ್ಯಾನೇಜರ್ ಮಾಡುವ ಇನ್ನೊಂದು ಉಪಕಾರವನ್ನು ಯಾವ ಡೈರಿಯೂ ಮಾಡಲಾರದು. ‘ನಿಮ್ಮ ಖಾತೆ ಇಂದೇ ಬಂದ್ ಆಗಲಿದೆ’ ಎಂಬ ಸಂದೇಶದ ಕೊಂಡಿ ಒತ್ತಿದರೆ ಬ್ಯಾಂಕಿನದೇ ಬಣ್ಣ, ಬ್ಯಾಂಕಿನದೇ ಚಿಹ್ನೆ ಇರುವ ನಕಲಿ ಪುಟ ತೆರೆಯುತ್ತದೆ. ನಮ್ಮ ಕಣ್ಣು ಬಣ್ಣಕ್ಕೆ ಮೋಸ ಹೋಗುತ್ತದೆ. ಮ್ಯಾನೇಜರ್ ನೋಡುವುದು ವಿಳಾಸವನ್ನು ಮಾತ್ರ, ಒಂದು ಅಕ್ಷರ ಹೆಚ್ಚುಕಡಿಮೆ ಇದ್ದರೂ ಪಾಸ್‌ವರ್ಡ್ ತುಂಬಲು ಮುಂದಾಗುವುದಿಲ್ಲ. ಅದು ಸುಮ್ಮನೆ ಕೂತರೆ ನೀವೂ ಕೈ ತೆಗೆಯಿರಿ. ‘ಇವತ್ತೇಕೋ ಕೆಲಸ ಮಾಡುತ್ತಿಲ್ಲ’ ಎಂದು ನಕಲು ಮಾಡಿ ಅಂಟಿಸಲು ಹೋಗಬೇಡಿ. ಹಣ ಹೋಗಿಯೇಬಿಟ್ಟರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಇನ್ನು ಆ ಒಂದು ಮುಖ್ಯ ಪಾಸ್‌ವರ್ಡ್. ಇದನ್ನು ಕಟ್ಟಲು ಅರ್ನಾಲ್ಡ್ ರೈನ್‌ಹೋಲ್ಡ್ ಎಂಬುವರು 1995ರಲ್ಲಿ ಡೈಸ್‌ವೇರ್ ಎಂಬ ಉಪಾಯ ಕೊಟ್ಟರು. ದಾಳ ಉರುಳಿಸಿ, 7776 ಪದಗಳ ಪಟ್ಟಿಯಿಂದ ಒಂದಕ್ಕೊಂದು ಸಂಬಂಧವಿಲ್ಲದ ಪದಗಳನ್ನು ಆರಿಸುವುದು. ಐದು ಪದ ಆರಿಸಿದರೆ ಆಗಬಹುದಾದ ಜೋಡಣೆಗಳ ಸಂಖ್ಯೆ 28ರ ಮುಂದೆ ಹದಿನೆಂಟು ಸೊನ್ನೆ ಇಟ್ಟಷ್ಟು. ಚಿಹ್ನೆ, ಅಂಕಿಗಳ ಗೋಜಲಿಲ್ಲದೆ, ನೆನಪಿನಲ್ಲಿ ಉಳಿಯುವ ಬಲ ಇದು. ನಾವು ಕನ್ನಡದಲ್ಲೂ ಮಾಡಬಹುದು. ನಿಘಂಟನ್ನು ಐದು ಸಲ ಕಣ್ಣುಮುಚ್ಚಿ ತೆರೆದು, ಬೆರಳು ಬಿದ್ದ ಪದ ಬರೆದುಕೊಳ್ಳಿ. ಇಷ್ಟವಾಗಲಿಲ್ಲವೆಂದು ಬದಲಾಯಿಸಬೇಡಿ, ಬಲವಿರುವುದು ನಮ್ಮ ಇಷ್ಟ ಅದರಲ್ಲಿ ಇಲ್ಲದಿರುವುದರಲ್ಲೇ. ವಚನದ ಸಾಲು, ಸಿನಿಮಾ ಹಾಡಿನ ಪಲ್ಲವಿ ಬೇಡ, ನಮಗೆ ಬಾಯಿಗೆ ಬರುವುದು ಪಟ್ಟಿ ಮಾಡುವವರಿಗೂ ಬರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವಾಗ ದೀರ್ಘ, ಒತ್ತಕ್ಷರಗಳಿಗೆ ಯಾವ ಕಾಗುಣಿತ ಎಂಬುದನ್ನು ಮೊದಲ ದಿನವೇ ನಿಶ್ಚಯಿಸಿ. ‘ಏಣಿ’ಗೆ ಒಂದು ದಿನ ಒಂದು ಅಕ್ಷರ, ಇನ್ನೊಂದು ದಿನ ಎರಡು ಹಾಕಿದರೆ ತಿಜೋರಿ ತೆರೆಯದು.

ಇಮೇಲ್ ಬಗ್ಗೆ ಒಂದು ಮಾತು. ಹೆಚ್ಚಿನ ಖಾತೆಗಳ ‘ಪಾಸ್‌ವರ್ಡ್ ಮರೆತಿರಾ?’ ಎಂಬ ದಾರಿ ಕೊನೆಗೆ ಬಂದು ಸೇರುವುದು ಇಮೇಲ್‌ಗೆ. ಅದಕ್ಕೂ ತಿಜೋರಿಗೂ ಎರಡನೆಯ ಹಂತದ ಪರಿಶೀಲನೆ ಹಾಕಲೇಬೇಕು. ಎಸ್‌ಎಂಎಸ್ ಒಟಿಪಿಗಿಂತ ಫೋನಿನಲ್ಲೇ ಸಂಖ್ಯೆ ಹುಟ್ಟಿಸುವ ಆಥೆಂಟಿಕೇಟರ್ ಆ್ಯಪ್ ಮೇಲು, ಏಕೆಂದರೆ ಮೋಸದಿಂದ ನಕಲಿ ಸಿಮ್ ಪಡೆದವರಿಗೆ ಅದು ಸಿಗುವುದಿಲ್ಲ. ಜೊತೆಗೆ ಬರುವ ಬ್ಯಾಕಪ್ ಸಂಕೇತಗಳನ್ನು ಮುದ್ರಿಸಿ ಇಡಿ, ಫೋನು ಕಳೆದ ದಿನ ಅವೇ ಆಸರೆ. ಈಚೆಗೆ ಪಾಸ್‌ವರ್ಡಿನ ಬದಲಿಗೆ ಕಾಣಿಸುವ ಪಾಸ್‌ಕೀ ಎಂಬ ಆಯ್ಕೆಯನ್ನೂ ಹೆದರದೆ ಒಪ್ಪಿಕೊಳ್ಳಿ. ಅದರಲ್ಲಿ ಕಂಪನಿಯ ಬಳಿ ಸೋರಲು ಗುಟ್ಟೇ ಇರುವುದಿಲ್ಲ.

ಇಷ್ಟೆಲ್ಲ ಭದ್ರ ಮಾಡಿದ ಮೇಲೆ ಮತ್ತೆ ಚಿಕ್ಕಪ್ಪನ ಡೈರಿಯ ಪ್ರಶ್ನೆಯೇ ಎದುರು ಬರುತ್ತದೆ. ನಾವಿಲ್ಲದ ದಿನ, ಅಥವಾ ಆಸ್ಪತ್ರೆಯಲ್ಲಿ ಮಾತು ನಿಂತ ದಿನ, ಮನೆಯವರು ಏನು ಮಾಡಬೇಕು? ಗೂಗಲ್‌ನಲ್ಲಿ, ಖಾತೆ ಬಹುಕಾಲ ನಿಷ್ಕ್ರಿಯವಾದರೆ ಯಾರಿಗೆ ತಿಳಿಸಬೇಕು, ಏನು ಕೊಡಬೇಕು ಎಂದು ಮೊದಲೇ ನಮೂದಿಸುವ ಅವಕಾಶವಿದೆ. ಎರಡು ವರ್ಷ ಯಾರೂ ಬಳಸದ ಖಾತೆಯನ್ನು ಫೋಟೋಗಳ ಸಮೇತ ಅಳಿಸುವ ನಿಯಮವೂ ಅವರಲ್ಲಿದೆ. ಆ್ಯಪಲ್‌ನಲ್ಲಿ ‘ಲೆಗಸಿ ಕಾಂಟ್ಯಾಕ್ಟ್’ ಎಂದಿದೆ. ಹತ್ತು ನಿಮಿಷದ ಕೆಲಸ, ಮಾಡಿಡಿ. ಅದರ ಜೊತೆಗೆ ನಾನು ನಂಬುವುದು ಕಾಗದವನ್ನು. ತಿಜೋರಿಯ ಮುಖ್ಯ ಪಾಸ್‌ವರ್ಡ್, ಇಮೇಲ್‌ನ ಪಾಸ್‌ವರ್ಡ್, ಫೋನಿನ ಪಿನ್, ಬ್ಯಾಕಪ್ ಸಂಕೇತಗಳು. ಇವಿಷ್ಟನ್ನು ಸುಳಿವಾಗಿ ಅಲ್ಲ, ಪೂರ್ತಿಯಾಗಿ ಬರೆದು, ಲಕೋಟೆಗೆ ಹಾಕಿ, ಮನೆಪತ್ರ ಇಡುವ ಜಾಗದಲ್ಲಿ ಇಡುವುದು. ಬರೆಯುವುದು ಅಪಾಯವೆಂದು ಕಲಿತ ನಮಗೆ ಇದು ಅಳುಕು ತರುತ್ತದೆ. ಆದರೆ ಮನೆಪತ್ರವನ್ನೂ ಒಡವೆಯನ್ನೂ ನಂಬಿ ಇಟ್ಟ ಬೀರುವಿಗೆ ಈ ಕಾಗದ ಭಾರವಾಗದು.

ಕಳೆದ ಮಳೆಗಾಲದಲ್ಲಿ ಸಾಗರದ ಚಿಕ್ಕಮ್ಮನ ಮನೆಗೆ ಹೋದಾಗ ಅವರೇ ನಿಘಂಟು ತಂದು ಕೂತರು. ಐದು ಪದ ಬಿದ್ದವು. ಒಂದು ಪದದ ಅರ್ಥ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ, ಓದಿ ತಿಳಿದುಕೊಂಡೆವು. ಮಲೆನಾಡಿನ ತೇವಕ್ಕೆ ಜೆಲ್ ಪೆನ್ನಿನ ಶಾಯಿ ಹರಡುತ್ತದೆಂದು ಬಾಲ್‌ಪೆನ್ನಿನಲ್ಲಿ ಬರೆದರು. ಇಂಗ್ಲಿಷ್ ಕಾಗುಣಿತವನ್ನು ಅಕ್ಷರ ಅಕ್ಷರ ಬಿಡಿಸಿ ಬರೆದರು. ಲಕೋಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೀರುವಿಗೆ ಇಡುವ ಮೊದಲು ಮಗಳನ್ನು ಕರೆದು, ‘ನಾನು ಹಿತ್ತಲಿಗೆ ಹೋಗುತ್ತೇನೆ. ನನ್ನನ್ನು ಏನೂ ಕೇಳದೆ, ಇದನ್ನೇ ನೋಡಿ ತೆರೆ, ಆಗುತ್ತದೋ ನೋಡೋಣ’ ಎಂದರು. ಅವಳು ಕಾಗದ ಬಿಡಿಸಿ, ಒಂದೊಂದೇ ಅಕ್ಷರ ಒತ್ತಿದಳು. ಹಿತ್ತಲಿನಿಂದ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಎರಡು ನಿಮಿಷದಲ್ಲಿ ತಿಜೋರಿ ತೆರೆದುಕೊಂಡಿತು. ಒಮ್ಮೆಯೂ ಅವಳು ‘ಅಮ್ಮಾ, ಇಲ್ಲಿ ಏನು?’ ಎಂದು ಕೂಗಿ ಕೇಳಬೇಕಾಗಲಿಲ್ಲ.